ಎತ್ತಿಗೆ ತಕ್ಕ ಸೆಟಿಂಗು

ಮುಜಫ್ಫರನ ಹೊಸ ಪ್ರಿಂಟರು ಕೇಳಿದ್ದು ಒಂದೇ ಪ್ರಶ್ನೆ: ಯಾವ ಕಾಗದ? ಉತ್ತರಗಳ ಪಟ್ಟಿಯನ್ನೂ ಅದೇ ಪರದೆಯ ಮೇಲೆ ಬಿಚ್ಚಿಟ್ಟಿತ್ತು. ಸಾದಾ ಕಾಗದ, ಗ್ಲಾಸಿ, ಅರೆ ಗ್ಲಾಸಿ, ಮ್ಯಾಟ್, ಕ್ಯಾನ್ವಾಸು, ಕೆಳಗೆ ಇಳಿದಂತೆಲ್ಲ ಇನ್ನೂ ಏನೇನೋ. ಬೈಲಹೊಂಗಲದ ಬಜಾರಿನಲ್ಲಿ ಇಷ್ಟು ವರ್ಷ ಫ್ಲೆಕ್ಸ್ ಬ್ಯಾನರು ಹೊಡೆದುಕೊಂಡಿದ್ದ ಮುಜಫ್ಫರನಿಗೆ ಹಳೆಯ ಮಷೀನು ಯಾವತ್ತೂ ಹೀಗೆ ಅಡ್ಡ ಪ್ರಶ್ನೆ ಹಾಕಿರಲಿಲ್ಲ. ಹುಟ್ಟುಹಬ್ಬದ ಶುಭಾಶಯವಾಗಲಿ, ಭಾವಪೂರ್ಣ ಶ್ರದ್ಧಾಂಜಲಿಯಾಗಲಿ, ಕೊಟ್ಟಿದ್ದನ್ನು ತಿಂದು ಎಮ್ಮೆಯ ಹಾಗೆ ಸುಮ್ಮನಿರುತ್ತಿತ್ತು. ಇದು ಬಂದು ಇನ್ನೂ ವಾರವಾಗಿಲ್ಲ, ಆಗಲೇ ಬೀಗರ ಕಡೆಯ ಹಿರಿಯರಂತೆ ಪ್ರತಿಯೊಂದಕ್ಕೂ 'ಯಾವುದು, ಎಂಥಾದ್ದು' ಎಂದು ವಿಚಾರಿಸತೊಡಗಿತ್ತು.

ನಿಜ ಹೇಳಬೇಕೆಂದರೆ ಬೀಗತನದ ಮಾತೂ ಈ ಉತ್ತರದ ಮೇಲೆಯೇ ನಿಂತಿತ್ತು. ದೊಡವಾಡದ ಇಮಾಮಹುಸೇನ ಸಾಹೇಬರ ಮಗಳು ಫಿರದೋಸಳನ್ನು ಮುಜಫ್ಫರ ಒಮ್ಮೆ ನೋಡಿ ಬಂದಿದ್ದ. ನೋಡಿದ್ದು ಅಂದರೆ, ಒಂದು ಶರಬತ್ತಿನ ತಟ್ಟೆ, ಒಂದು ಮೂಗುಬೊಟ್ಟು, ಮತ್ತು ಇವನ ಗಾಬರಿ ಕಂಡು ತಡೆಯಲಾರದೆ ಅವಳಿಗೆ ಬಂದ ಒಂದು ನಗು. ಅಷ್ಟೇ ಸಾಕಾಗಿತ್ತು. ಅವತ್ತಿನಿಂದ ಅವನಿಗೆ ಅಂಗಡಿ, ಊಟ, ನಿದ್ದೆ ಎಲ್ಲ ಸೇರಿ ಒಂದು ತೂಕವಾದರೆ ಆ ನಗುವೇ ಒಂದು ತೂಕ. ಅವಳು ಸಿಗದಿದ್ದರೆ ತಾನು ಬದುಕಿಯೂ ಉಪಯೋಗವಿಲ್ಲ ಎಂದು ಅವನು ಮನಸ್ಸಿನಲ್ಲೇ ತೀರ್ಮಾನಿಸಿದ್ದ. ಆದರೆ ಇಮಾಮಹುಸೇನರು ಗಡ್ಡ ನೀವಿಕೊಂಡು, "ಹುಡುಗ ಛಲೋ ಅದಾನ. ಆದ್ರ ಬಟನ್ ಒತ್ತೂದು ಒಂದು ಉದ್ಯೋಗ ಏನು? ಲಿಫ್ಟಿನಾಗ ನಿಂತಾಂವನೂ ಒತ್ತತಾನ" ಅಂದುಬಿಟ್ಟಿದ್ದರು.

ಸಾಹೇಬರ ಜೀವವೆಲ್ಲ ತಮ್ಮ ಕಿಲಾರಿ ಎತ್ತಿನ ಜೋಡಿಯ ಮೇಲೆ. ಹೋದ ತಿಂಗಳು ಯರಗಟ್ಟಿಯ ಹತ್ತಿರ ನಡೆದ ತೆರಬಂಡಿ ಸ್ಪರ್ಧೆಯಲ್ಲಿ ಆ ಜೋಡಿ ಮೊದಲ ನಂಬರು ಬಂದಿತ್ತು. ಗಾಲಿ ತಿರುಗದಂತೆ ಬಿಗಿದ ಭಾರದ ಬಂಡಿಯನ್ನು ಗೊತ್ತು ಮಾಡಿದ ಹೊತ್ತಿನೊಳಗೆ ಯಾರ ಎತ್ತು ಹೆಚ್ಚು ದೂರ ಎಳೆಯುತ್ತವೋ ಅವರದು ಗೆಲುವು. ಸಂಪಗಾಂವದ ಇಕ್ಬಾಲ್ ಸಾಹೇಬರ ಜೋಡಿಯನ್ನು ಇಮಾಮಹುಸೇನರ ಜೋಡಿ ಒಂದೇ ಒಂದು ಮೊಳದಿಂದ ಸೋಲಿಸಿತ್ತು. ಆ ಮೊಳವನ್ನು ಅವರು ಹೋದಲ್ಲಿ ಬಂದಲ್ಲಿ ಕೈ ಚಾಚಿ ಅಳೆದು ತೋರಿಸುತ್ತಿದ್ದರು. ತೋರಿಸಿದಂತೆಲ್ಲ ಅದು ಬೆಳೆಯುತ್ತಿತ್ತು.

ಸ್ಪರ್ಧೆಯ ದಿನ ಕ್ಯಾಮೆರಾದವನು ತೆಗೆದ ಫೋಟೋ ಇದ್ದ ಪೆನ್‌ಡ್ರೈವನ್ನು ಮುಜಫ್ಫರನ ಕೈಗಿಟ್ಟು ಅವರು ಕರಾರು ಹಾಕಿದ್ದರು. "ಬೇಟಾ, ಇದನ್ನ ಆ ಕ್ಯಾನ್ವಾಸ್ ಅರಬಿ ಮ್ಯಾಲ ದೊಡ್ಡದು ಮಾಡ್ಕೊಂಡು ಬಾ. ಎತ್ತಿನ ಮೈಮ್ಯಾಲಿನ ಕೂದಲಾ ಎಣಿಸಾಕ ಬರಬೇಕು. ಶುಕ್ರವಾರ ಸಂಜೀಕ ಊರ ಮಂದಿನ್ನ ಕರದೇನಿ, ಆ ಇಕ್ಬಾಲನ್ನೂ ಕರದೇನಿ. ಅವನ ಹೊಟ್ಟಿ ಉರೀಬೇಕು. ಚಂದ ಆತಂದ್ರ ಅಲ್ಲೇ ಎಲ್ಲಾರ ಮುಂದ ನಿಶ್ಚಯ ಮಾತಾಡೂಣು. ಆಗಲಿಲ್ಲಂದ್ರ ನೀ ನಿನ್ನ ಬಟನ್ ಒತ್ತಕೋತ ಇರು, ನಾ ಬ್ಯಾರೆ ಕಡೆ ನೋಡತೇನಿ."

ಇವತ್ತೇ ಶುಕ್ರವಾರ. ಕ್ಯಾನ್ವಾಸಿನ ಸುರುಳಿ ಬೆಳಗಾವಿಯಿಂದ ಬಂದದ್ದು ಇವತ್ತು ಬೆಳಿಗ್ಗೆ. ಅಳೆದು ನೋಡಿದರೆ ಮೂರು ಚಿತ್ರಕ್ಕಾಗುವಷ್ಟು ಬಟ್ಟೆ. ಒಂದು ಚಿತ್ರಕ್ಕೆ ಮೂರು ಪಟ್ಟು ಬಟ್ಟೆ ಇದೆಯಲ್ಲ ಎಂದು ಮುಜಫ್ಫರ ಧೈರ್ಯ ತಂದುಕೊಂಡು, ಬಾಣದ ಗುರುತನ್ನು 'ಕ್ಯಾನ್ವಾಸು' ಎಂಬ ಹೆಸರಿನ ಮೇಲೆ ತಂದಿಟ್ಟ. ಇನ್ನೇನು ಒತ್ತಬೇಕು, ಹಿಂದಿನಿಂದ "ತಡಿಯೋ!" ಎಂಬ ಕೂಗು ಬಂತು.

ಪಕ್ಕದ ಝೆರಾಕ್ಸ್ ಅಂಗಡಿಯ ಕೃಷ್ಣಾಜಿ ನಿಂತಿದ್ದರು. ಅವರ ಅಜ್ಜ ಮುತ್ತಜ್ಜರು ಪಂಚಾಂಗ ಬರೆದವರು, ಇವರು ಆಧಾರ್ ಕಾರ್ಡಿನ ಪ್ರತಿ ತೆಗೆಯುತ್ತಾರೆ. ಆದರೆ ಮುಹೂರ್ತ ಹೇಳುವ ಹಕ್ಕನ್ನು ಮಾತ್ರ ಇನ್ನೂ ಬಿಟ್ಟುಕೊಟ್ಟಿಲ್ಲ.

"ಈಗ ರಾಹುಕಾಲ ಅದ. ಮುಗೀಲಿ, ಆಮ್ಯಾಲೆ ಒತ್ತು."

"ಕಾಕಾ, ಸಂಜೀಕ ದೊಡವಾಡ ಮುಟ್ಟಬೇಕ್ರಿ ನಾ."

"ಮುಟ್ಟೀಯಂತ. ರಾಹುಕಾಲದಾಗ ಒತ್ತಿದ ಬಟನ್ ಉದ್ಧಾರ ಆಗಿದ್ದು ನಾ ಎಲ್ಲೂ ನೋಡಿಲ್ಲ. ಅದೂ ಲಗ್ನದ ವಿಷಯ!"

ಮುಜಫ್ಫರನಿಗೆ ಹುಟ್ಟಿನಿಂದ ಬಂದ ಒಂದು ರೋಗವಿದೆ. ಹಿರಿಯರಿಗೆ 'ಇಲ್ಲ' ಅನ್ನಲು ಅವನಿಗೆ ಬಾಯಿ ಬರುವುದಿಲ್ಲ. ಕೈಕಟ್ಟಿಕೊಂಡು ಕುಳಿತ. ರಾಹುಕಾಲ ಮುಗಿಯುವವರೆಗೆ ಕೃಷ್ಣಾಜಿ ಕುರ್ಚಿ ಎಳೆದುಕೊಂಡು ಕುಳಿತು, ಪರದೆಯ ಪಟ್ಟಿಯನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಓದಿದರು. ಓದುವುದು ಮುಗಿಯುವಷ್ಟರಲ್ಲಿ ಅವರೇ ಪ್ರಿಂಟರಿನ ಮಾಲೀಕರಾಗಿದ್ದರು.

"ಕ್ಯಾನ್ವಾಸ್ ಅಂತ ಹಾಕಬ್ಯಾಡ. ಶಾಯಿ ನೀರಿನಂಗ ಸುರಿಯತದ. ನಾ ಏನು ನಿನ್ನೆ ಮೊನ್ನೆ ಝೆರಾಕ್ಸ್ ಹೊಡಿಲಿಕ್ಕೆ ಹತ್ತೀನೇನು? ಮಷೀನ್ ಯಾವುದೇ ಇರಲಿ, ಸಾದಾ ಕಾಗದ ಅಂತ ಹಾಕು. ಎಂದೂ ಕೈ ಬಿಡೂದಿಲ್ಲ."

"ಆದ್ರ ಇದು ಕಾಗದ ಅಲ್ಲ, ಅರಬಿ ಐತಲ್ರಿ ಕಾಕಾ?"

"ಮಷೀನಿಗೇನು ಕಣ್ಣವ ಏನೋ, ನೋಡಲಿಕ್ಕೆ?"

ಮಷೀನಿಗೆ ಕಣ್ಣಿರಲಿಲ್ಲ, ಅದೇ ತೊಂದರೆಯಾದದ್ದು. ಸಾದಾ ಕಾಗದವೆಂದು ನಂಬಿದ ಅದು ಬಡವರ ಮನೆಯಲ್ಲಿ ತುಪ್ಪ ಬಡಿಸಿದ ಹಾಗೆ ಶಾಯಿಯನ್ನು ಹನಿ ಹನಿಯಾಗಿ ಹಾಕಿತು. ಮೇಲಾಗಿ, ತೆಳು ಕಾಗದಕ್ಕೆಂದು ಕೆಳಗಿಳಿದಿದ್ದ ಪ್ರಿಂಟರಿನ ಹೆಡ್ಡು ದಪ್ಪ ಬಟ್ಟೆಯನ್ನು ಕರಕರ ಉಜ್ಜುತ್ತ ಅತ್ತಿಂದಿತ್ತ ಓಡಾಡಿತು. ಕೊನೆಗೆ ಹೊರಬಂದ ಎತ್ತುಗಳು ತಿಂಗಳುಗಟ್ಟಲೆ ಜ್ವರದಲ್ಲಿ ಮಲಗಿ ಎದ್ದಂತಿದ್ದವು. ಎರಡರ ಮೈಮೇಲೂ ಕೊಂಬಿನಿಂದ ಬಾಲದವರೆಗೆ ಕಪ್ಪು ಗೆರೆಗಳು ಬಿದ್ದಿದ್ದವು.

ಮಷೀನಿನ ಸದ್ದು ಕೇಳಿ ಎದುರಿನ ಫೋಟೋ ಫ್ರೇಮಿನ ಅಂಗಡಿಯಿಂದ ಕಾಡಪ್ಪ ಸುತ್ತಿಗೆ ಹಿಡಿದುಕೊಂಡೇ ಬಂದ. ಈ ಚಿತ್ರಕ್ಕೆ ಚೌಕಟ್ಟು ಕಟ್ಟುವವನು ಅವನೇ ಆದ್ದರಿಂದ ಮೂಗು ತೂರಿಸಲು ತನಗೆ ಪೂರ್ತಿ ಅಧಿಕಾರವಿದೆ ಎಂದು ಅವನ ಲೆಕ್ಕ.

"ಯಾವ ದವಾಖಾನಿಯಾಗಿನ ಎತ್ತಪಾ ಇವು?" ಅಂದ. "ಮೈಮ್ಯಾಲ ಬಾರಕೋಲಿನ ಬಾಸುಂಡಿ ಬ್ಯಾರೆ ಮೂಡ್ಯಾವು! ಇದನ್ನ ಒಯ್ದ್ಯಂದ್ರ ಆ ಸಾಹೇಬ ನಿನ್ನ ಬೆನ್ನ ಮ್ಯಾಲೂ ಹಿಂಗ ಗೆರಿ ಎಳೀತಾನ ನೋಡು."

"ಕೃಷ್ಣಾಜಿ ಕಾಕಾ ಸಾದಾ ಕಾಗದ ಹಾಕು ಅಂದ್ರು ಅಣ್ಣಾ."

"ಅವರಿಗೇನು ಗೊತ್ತೈತಿ? ಎತ್ತು ಕಟ್ಟಿದ ಮನೆತನ ನಮ್ಮದು. ಎತ್ತಂದ್ರ ಮೈ ಮಿಂಚಬೇಕು. ಎಣ್ಣಿ ಹಚ್ಚಿ ತಿಕ್ಕಿದಂಗಿರಬೇಕು. ಮಿಂಚೂದು ಯಾವುದೈತಿ ಅದರಾಗ?"

"ಗ್ಲಾಸಿ ಐತ್ರಿ."

"ಹಾಕು ಅದನ್ನ!"

ಗುಂಡಿ ಒತ್ತುವ ಮೊದಲು ಕೃಷ್ಣಾಜಿ ಇನ್ನೊಂದು ತಕರಾರು ತೆಗೆದರು. ಚಿತ್ರದಲ್ಲಿ ಎತ್ತುಗಳು ಹೊರಟ ದಿಕ್ಕು ಸಾಹೇಬರ ಪಡಸಾಲೆಯ ಗೋಡೆಗೆ ಹಾಕಿದರೆ ದಕ್ಷಿಣವಾಗುತ್ತದಂತೆ, ಆದ್ದರಿಂದ ಚಿತ್ರವನ್ನೇ ಬಲದಿಂದ ಎಡಕ್ಕೆ ಮಗುಚಿ ಹಾಕಬೇಕಂತೆ. ಮುಜಫ್ಫರ ಎಂದಿನಂತೆ ಹೂಂ ಅಂದು ಮಗುಚಿಯೂ ಬಿಟ್ಟ. ಕಾಡಪ್ಪ ಹೌಹಾರಿದ.

"ಏ ಮಾರಾಯಾ! ನೊಗದ ಎಡಗೋಲಿನ ಎತ್ತು ಬಲಗೋಲಿಗೆ ಬಂತಲ್ಲೋ! ಆ ಸಾಹೇಬ ಹೆಂಡ್ತಿ ಹೆಸರು ಮರೀತಾನ, ಎತ್ತಿನ ಗೋಲು ಮರ್ಯಾಂವಲ್ಲ. ನಮ್ಮ ಮೂರೂ ಮಂದೀನ್ನ ನೊಗಕ್ಕ ಕಟ್ಟತಾನ."

ಚಿತ್ರವನ್ನು ಮತ್ತೆ ಸರಿಯಾಗಿ ತಿರುಗಿಸಿ, ಗ್ಲಾಸಿ ಎಂದು ಆರಿಸಿ, ಗುಂಡಿ ಒತ್ತಿದ್ದಾಯಿತು. ಈ ಸಲ ಮಷೀನು ಕೈ ಬಿಚ್ಚಿ ಶಾಯಿ ಸುರಿಯಿತು. ಎತ್ತುಗಳೇನೋ ಮಿಂಚಿದವು. ಆದರೆ ನುಣುಪು ಕಾಗದಕ್ಕೆಂದು ಇಟ್ಟ ಕಪ್ಪು ಶಾಯಿಯನ್ನು ಆ ಒರಟು ಬಟ್ಟೆ ಒಳಗೆ ಸೇರಿಸಿಕೊಳ್ಳಲೇ ಇಲ್ಲ. ಅದು ಮೇಲೆಯೇ ಹಸಿಹಸಿಯಾಗಿ ನಿಂತಿತು. ನೆರಳಿದ್ದ ಕಡೆಯೆಲ್ಲ ಡಾಂಬರು ಬಳಿದ ಹಾಗೆ ಒಂದೇ ಕಪ್ಪು ಮುದ್ದೆ.

"ಒಣಗೇದೇನೋ ನೋಡೋಣು" ಎಂದು ಕೃಷ್ಣಾಜಿ ಬಲಗೋಲಿನ ಎತ್ತಿನ ಭುಜಕ್ಕೆ ಹೆಬ್ಬೆರಳು ಒತ್ತಿದರು. ಒಣಗಿರಲಿಲ್ಲ. ಹೆಬ್ಬೆರಳನ್ನು ಧೋತರಕ್ಕೆ ಒರೆಸಿಕೊಂಡರು. ಧೋತರವೂ ಹೋಯಿತು.

"ಗಾಳಿ ಬಿಟ್ರ ಒಣಗತೈತಿ" ಎಂದು ಕಾಡಪ್ಪ ಮೂಲೆಯಲ್ಲಿದ್ದ ದೊಡ್ಡ ಫ್ಯಾನಿನ ಮೂತಿ ಇತ್ತ ತಿರುಗಿಸಿದ. ಕ್ಯಾನ್ವಾಸು ಹಾಯಿಯ ಹಾಗೆ ಉಬ್ಬಿ, ಎದ್ದು, ಕೃಷ್ಣಾಜಿ ತಮ್ಮ ಅಂಗಡಿಯಿಂದ ಹೊತ್ತು ತಂದು ಮೇಜಿನ ಮೇಲಿಟ್ಟಿದ್ದ ಝೆರಾಕ್ಸ್ ಪ್ರತಿಗಳ ಮೇಲೆ ಬೋರಲಾಗಿ ಬಿತ್ತು. ಬಿಡಿಸಿ ನೋಡಿದರೆ ಎಡಗೋಲಿನ ಎತ್ತಿನ ಬೆನ್ನಿಗೆ ಯಾರದೋ ಆಧಾರ್ ಕಾರ್ಡು ಅಂಟಿಕೊಂಡಿತ್ತು.

"ಗುರುತಿನ ಚೀಟಿ ಇದ್ದ ಎತ್ತು ತಾಲೂಕಿನಾಗ ಇದೊಂದೇ" ಎಂದು ಕಾಡಪ್ಪ ಬಿದ್ದು ಬಿದ್ದು ನಕ್ಕ. ಕೃಷ್ಣಾಜಿ ಆ ಕಾರ್ಡಿನವರಿಗೆ ಏನು ಉತ್ತರ ಕೊಡುವುದೆಂದು ತಲೆ ಮೇಲೆ ಕೈ ಹೊತ್ತರು. ತಲೆಗೂ ಹೆಬ್ಬೆರಳಿನ ಗುರುತು ಬಿತ್ತು.

ಮುಜಫ್ಫರನಿಗೆ ನಗು ಬರಲಿಲ್ಲ. ಸುರುಳಿಯಲ್ಲಿ ಉಳಿದದ್ದು ಒಂದೇ ಚಿತ್ರಕ್ಕಾಗುವಷ್ಟು ಬಟ್ಟೆ. ಅದೂ ಕೆಟ್ಟರೆ ಫಿರದೋಸ್ ಇಲ್ಲ. ಮಷೀನು ಜೋಡಿಸಿ ಕೊಟ್ಟು ಹೋಗಿದ್ದ ಬೆಳಗಾವಿಯ ಸಂದೀಪನಿಗೆ ಫೋನು ಹಚ್ಚಿದ.

"ಸುರುಳಿ ಬಂದ ಡಬ್ಬಿ ಮ್ಯಾಲ ಏನ್ ಬರದೈತ್ರಿ?" ಎಂದು ಸಂದೀಪ ಕೇಳಿದ.

"ಮ್ಯಾಟ್ ಕ್ಯಾನ್ವಾಸ್ ಅಂತ ಐತ್ರಿ."

"ನೀವೇನ್ ಆರಿಸಿದ್ರಿ?"

"ಮೊದಲ ಸಾದಾ ಕಾಗದ. ಆಮ್ಯಾಲ ಗ್ಲಾಸಿ."

"ಯಾಕ್ರಿ?"

"ಎತ್ತು ಮಿಂಚಲಿ ಅಂತ್ರಿ."

"ಅಯ್ಯ ನಿಮ್ಮ! ಎತ್ತಿನ್ನ ನೋಡಿ ಸೆಟಿಂಗ್ ಇಡೂದಲ್ರೀ, ಅರಬಿ ನೋಡಿ ಇಡೂದು. ಯಾವುದರ ಮ್ಯಾಲ ಹೊಡೀತೀರಿ ಅದನ್ನ ಹೇಳ್ರಿ ಮಷೀನಿಗೆ, ಏನ್ ಹೊಡೀತೀರಿ ಅನ್ನೂದು ಅದಕ್ಕ ಬ್ಯಾಡ. ಮ್ಯಾಟ್ ಕ್ಯಾನ್ವಾಸ್ ಅಂತ ಆರಿಸ್ರಿ. ಹೊಳಪಿಲ್ಲದ ಮ್ಯಾಟಿನ ಕರೀ ಶಾಯಿ ಬ್ಯಾರೆ ಐತಿ, ಅದಕ್ಕ ಬದಲಿ ಮಾಡ್ರಿ. ಹೆಡ್ಡು ಮ್ಯಾಲ ಎತ್ತರಿ. ಗುಣಮಟ್ಟ ಎಲ್ಲಾಕಿಂತ ಹೆಚ್ಚಿಂದು ಇಡ್ರಿ. ಆಮ್ಯಾಲ ಕೈ ಕಟ್ಟಕೊಂಡು ಕುಂಡ್ರಿ. ಮುಖ್ಯ, ಯಾರ ಮಾತೂ ಕೇಳಬ್ಯಾಡ್ರಿ."

ಕೊನೆಯ ಮಾತು ಮುಜಫ್ಫರನ ಎದೆಗೆ ನಾಟಿತು. ಅವನು ಎದ್ದು ನಿಂತು, ಜೀವನದಲ್ಲಿ ಮೊದಲ ಸಲ ಹಿರಿಯರ ಮುಖ ನೋಡಿ, "ಕಾಕಾ, ಅಣ್ಣಾ, ಇಬ್ಬರೂ ಹೊರಗ ಕಟ್ಟಿ ಮ್ಯಾಲ ಕುಂಡ್ರಿ. ಇಲ್ಲಾ, ಒಳಗ ಬರಬ್ಯಾಡ್ರಿ" ಅಂದ. ಇಬ್ಬರೂ ಬೆಪ್ಪಾಗಿ ಹೊರಗೆ ಹೋದರು. ಮುಜಫ್ಫರ ಬಾಗಿಲು ಹಾಕಿಕೊಂಡು, ಹೇಳಿದ್ದನ್ನೆಲ್ಲ ಹೇಳಿದ ಹಾಗೆಯೇ ಮಾಡಿ, ಬಿಸ್ಮಿಲ್ಲಾ ಎಂದು ಒತ್ತಿದ.

ಬಟ್ಟೆ ಅಂಗುಲ ಅಂಗುಲವಾಗಿ ಹೊರಬಂತು. ಮೊದಲು ಆಕಾಶ, ಆಮೇಲೆ ಕೊಂಬು, ಕೊಂಬಿಗೆ ಕಟ್ಟಿದ ರಿಬ್ಬನ್ನು, ಅದರ ಕೆಳಗೆ ಬೆವರಿನಿಂದ ಮೈಗಂಟಿದ ಬಿಳಿ ರೋಮ. ಕಪ್ಪು ಈ ಸಲ ಮುದ್ದೆಯಾಗಿರಲಿಲ್ಲ. ನೆರಳಿನೊಳಗಿನ ನೆರಳೂ ಬೇರೆ ಬೇರೆ ಕಾಣುತ್ತಿತ್ತು. ಒಣಗಿದ ಮೇಲೆ ಬಾಗಿಲು ತೆಗೆದಾಗ ಒಳಗೆ ನುಗ್ಗಿದ ಕೃಷ್ಣಾಜಿಯೂ ಕಾಡಪ್ಪನೂ ಎತ್ತಿನ ಮುಖಕ್ಕೆ ಮೂಗು ಹಚ್ಚಿ ನಿಂತುಬಿಟ್ಟರು. ಕಾಡಪ್ಪ ನಿಜವಾಗಿಯೂ ಕೂದಲು ಎಣಿಸಲು ಶುರು ಮಾಡಿ ಕಿವಿಯ ಹತ್ತಿರ ಲೆಕ್ಕ ತಪ್ಪಿದ. ಮೂವರ ಕಣ್ಣೂ ಎತ್ತುಗಳ ಮೇಲೆ. ಎತ್ತಿನ ಚಿತ್ರದಲ್ಲಿ ಬಂಡಿಯನ್ನು ಯಾರು ನೋಡುತ್ತಾರೆ?

ಕಾಡಪ್ಪ ಗಡಿಬಿಡಿಯಲ್ಲಿ ಕ್ಯಾನ್ವಾಸನ್ನು ಚೌಕಟ್ಟಿಗೆ ಮೊಳೆ ಹೊಡೆದು ಕೂರಿಸಿದ. ಚಾದರ ಹೊದಿಸಿ, ಒಂದು ಟಂಟಂ ರಿಕ್ಷಾ ಹಿಡಿದು, ಮೂವರೂ ದೊಡವಾಡಕ್ಕೆ ಹೊರಟರು. ಕೃಷ್ಣಾಜಿ, ಕಾಡಪ್ಪ ಇಬ್ಬರನ್ನೂ ಯಾರೂ ಕರೆದಿರಲಿಲ್ಲ, ಆದರೆ ನಿಶ್ಚಯದ ಊಟ ತಪ್ಪಿಸಿಕೊಳ್ಳುವ ಪೈಕಿಯವರು ಅವರಾಗಿರಲಿಲ್ಲ.

ಇಮಾಮಹುಸೇನರ ಅಂಗಳ ತುಂಬಿತ್ತು. ಎದುರಿನ ಸಾಲಿನಲ್ಲಿ, ಎಲ್ಲರಿಗೂ ಕಾಣುವ ಹಾಗೆ, ಸಂಪಗಾಂವದ ಇಕ್ಬಾಲ್ ಸಾಹೇಬರನ್ನು ಕೂಡಿಸಿದ್ದರು. ಪಕ್ಕದಲ್ಲಿ ಅವರ ಮಗ, ಎತ್ತರದ ಹುಡುಗ, ನೆಲ ನೋಡುತ್ತ ಕುಳಿತಿದ್ದ. ಪಡಸಾಲೆಯ ಬಾಗಿಲಲ್ಲಿ ಹೆಂಗಸರ ನಡುವೆ ಫಿರದೋಸ್ ನಿಂತಿದ್ದಳು. ಅವಳ ಮೂಗುಬೊಟ್ಟು ದೂರದಿಂದಲೇ ಮುಜಫ್ಫರನಿಗೆ ಕಂಡಿತು.

ಇಮಾಮಹುಸೇನರು ಚಾದರ ಎಳೆದರು. ಅಂಗಳದ ತುಂಬ ಒಮ್ಮೆಲೇ 'ಆಹಾ' ಎಂಬ ಉದ್ಗಾರ ಎದ್ದಿತು. ಸಾಹೇಬರು ಹತ್ತಿರ ಹೋದರು, ದೂರ ಬಂದರು, ಮತ್ತೆ ಹತ್ತಿರ ಹೋಗಿ ಎತ್ತಿನ ಕೊರಳಿನ ಗಂಗೆದೊಗಲನ್ನು ಸವರಿದರು. ಅವರ ಕಣ್ಣಲ್ಲಿ ನೀರು ಬಂತು.

"ಹುಲ್ಲು ಹಾಕಬೇಕು ಅನ್ನಿಸಾಕ ಹತ್ತೈತಿ!" ಅಂದರು. ಮುಜಫ್ಫರನನ್ನು ಬಾಚಿ ತಬ್ಬಿಕೊಂಡರು. "ನಾ ತಪ್ಪು ಅಂದಿದ್ದೆ ಬೇಟಾ. ಇದು ಬಟನ್ ಒತ್ತಾಂವನ ಕೆಲಸ ಅಲ್ಲ. ಕೇಳ್ರಪಾ ಎಲ್ಲಾರೂ, ಇವತ್ತ ಈ ಹುಡುಗನ್ನ ನಾ..."

"ಒಂದು ಮಿನಿಟ ತಡೀರಿ" ಎಂದು ಇಕ್ಬಾಲ್ ಸಾಹೇಬರು ಎದ್ದರು.

ಪಾಪ, ಅವರಿಗೆ ಆ ಎತ್ತುಗಳನ್ನು ನೋಡಲು ಸಂಕಟವಾಗಿ, ಕಣ್ಣು ಬೇರೆ ಎಲ್ಲಿಡುವುದೆಂದು ತಿಳಿಯದೆ, ಬಂಡಿಯ ಕಡೆಗೆ ಹೊರಳಿಸಿದ್ದರು. ಫೋಟೋದಲ್ಲಿ ಎತ್ತುಗಳು ಬಿಸಿಲಿಗೆ ಬಂದಿದ್ದರೂ ಬಂಡಿಯ ಹಿಂಭಾಗ ಇನ್ನೂ ಪೆಂಡಾಲಿನ ನೆರಳಿನಲ್ಲಿತ್ತು. ಮೊದಲು ಕೆಟ್ಟ ಎರಡು ಚಿತ್ರಗಳಲ್ಲಿ ಅಲ್ಲಿ ಬರೀ ಕತ್ತಲೆ. ಇಲ್ಲಿ ಕತ್ತಲೆ ಇರಲಿಲ್ಲ. ಇಕ್ಬಾಲರು ಚಷ್ಮಾ ಒರೆಸಿ ಹಾಕಿಕೊಂಡರು.

"ಬಂಡಿ ಹಿಂದ ಇದ್ಯಾರ್ರಿ, ಹೆಗಲು ಕೊಟ್ಟು ದೂಕಾಕ ಹತ್ತಿದಾರು?"

ಅಂಗಳವೆಲ್ಲ ಮುಂದಕ್ಕೆ ಬಾಗಿತು. ಗಂಡಸಿನ ಅಂಗಿ ತೊಟ್ಟು, ತಲೆಗೆ ಟಾವೆಲು ಸುತ್ತಿದ ಯಾರೋ ಒಬ್ಬರು ಹಲ್ಲು ಕಚ್ಚಿ, ಕಾಲು ಊರಿ, ಬಂಡಿಯನ್ನು ಹೆಗಲಿನಿಂದ ನೂಕುತ್ತಿದ್ದರು. ಟಾವೆಲು ಜಾರಿ ಜಡೆ ಹೊರಗೆ ಬಂದಿತ್ತು. ಮುಜಫ್ಫರನ ಮ್ಯಾಟ್ ಕ್ಯಾನ್ವಾಸಿನ ಮೇಲೆ ಮೂಗುಬೊಟ್ಟು ಬೆಳಕಿನ ಹನಿಯ ಹಾಗೆ ಹೊಳೆಯುತ್ತಿತ್ತು.

"ಬೇಟಿ?" ಎಂದರು ಇಮಾಮಹುಸೇನರು. ಅವರಿಗೂ ಗೊತ್ತಿರಲಿಲ್ಲ. ಅವತ್ತು ಅವರು ಎತ್ತುಗಳ ಮುಂದೆ ಧೂಳಿನಲ್ಲಿ ಅರಚುತ್ತ ಓಡುತ್ತಿದ್ದರು.

ಫಿರದೋಸ್ ಬಾಗಿಲು ಬಿಟ್ಟು ಅಂಗಳಕ್ಕೆ ಬಂದಳು. "ಹೌದ್ರಿ ಅಬ್ಬಾಜಾನ್, ನಾನೇ. ನೀವು ಸೋತ್ರ ಊಟಾ ಬಿಟ್ಟು ಕುಂಡ್ರತೀರಿ. ಅಡಗಿ ಮಾಡಿ ದಿನಾ ಚೆಲ್ಲಾಕಿ ನಾನು. ಅದಕ್ಕ ದೂಕಿದೆ."

"ನಿಮ್ಮ ಜೋಡಿ ನಮ್ಮ ಜೋಡಿಗಿಂತ ಒಂದು ಮೊಳ ಮುಂದ ಹೋಗಿದ್ವು" ಎಂದು ಇಕ್ಬಾಲರು ನಿಧಾನವಾಗಿ ಹೇಳಿದರು. "ಆ ಮೊಳ ಯಾರದು ಅಂತ ಇವತ್ತ ತಿಳೀತು."

ಈಗ ಬಡಿದಾಟವೇ ಎಂದು ಜನ ಕುರ್ಚಿ ಹಿಂದೆ ಸರಿಸಿದರು. ಕೃಷ್ಣಾಜಿ ಟಂಟಂ ಎಲ್ಲಿ ನಿಂತಿದೆ ಎಂದು ನೋಡಿಕೊಂಡರು. ಆದರೆ ನೆಲ ನೋಡುತ್ತ ಕುಳಿತಿದ್ದ ಇಕ್ಬಾಲರ ಮಗ ತಲೆ ಎತ್ತಿದ.

"ಅಬ್ಬಾಜಾನ್, ನಾ ಅವತ್ತೇ ನೋಡಿದ್ದೆ."

"ನೋಡಿ ಸುಮ್ಮ ಇದ್ದೀ? ನಮ್ಮ ಎತ್ತು ಸೋತಾಗೂ?"

"ಹೆಂಗ ಹೇಳ್ಲಿ? ಆಕಿ ದೂಕೂದು ನೋಡಕೋತ ನಿಂತುಬಿಟ್ಟೆ. ಬಾಯಿ ಬರಲಿಲ್ಲ."

ಫಿರದೋಸಳ ಮುಖ ಕೆಂಪಾಯಿತು. ಇಕ್ಬಾಲರು ಮಗನನ್ನು ನೋಡಿದರು, ಹುಡುಗಿಯನ್ನು ನೋಡಿದರು, ಕ್ಯಾನ್ವಾಸನ್ನು ನೋಡಿದರು. ಭಾರದ ಬಂಡಿಯನ್ನು ಒಂದು ಮೊಳ ನೂಕಿದ ಹೆಗಲನ್ನು ಎತ್ತು ಸಾಕುವವರು ನೋಡುವ ರೀತಿಯಲ್ಲಿ ನೋಡಿದರು. ಅವರ ಸಿಟ್ಟು ಇಳಿಯುವುದು ಎಲ್ಲರಿಗೂ ಕಂಡಿತು.

"ಇಮಾಮಹುಸೇನ ಭಾಯಿ, ಈ ಮಾತು ತೆರಬಂಡಿ ಕಮಿಟಿ ಮುಂದ ಹೋದ್ರ ನಿಮ್ಮ ಮರ್ಯಾದಿ ಹೋಗತೈತಿ. ಮನಿ ಮಾತು ಮನ್ಯಾಗ ಇರಬೇಕಂದ್ರ ನಿಮ್ಮ ಮನಿ ನಮ್ಮ ಮನಿ ಒಂದಾಗಬೇಕು. ಹುಡುಗೀನ್ನ ನಮ್ಮ ಹುಡುಗಗ ಕೊಡ್ರಿ."

ಇಮಾಮಹುಸೇನರು ಬಾಯಿ ತೆರೆಯುವ ಮೊದಲೇ ಫಿರದೋಸ್ ಕೇಳಿದಳು, "ಎತ್ತು ಹೊಡ್ಯಾಕ ಕೊಡ್ತೀರೇನ್ರಿ? ಬಂಡಿ ಹಿಂದ ಅಡಗಿಕೊಂಡು ಅಲ್ಲ. ಮುಂದ, ಹಗ್ಗಾ ಹಿಡಕೊಂಡು."

"ನಮ್ಮ ಮನ್ಯಾಗಿನ ಎರಡೂ ಜೋಡಿ ಕೊಟ್ಟೆ ತಗೋ" ಎಂದರು ಇಕ್ಬಾಲರು. ಅಂಗಳದಲ್ಲಿ ಸಿಳ್ಳೆ ಬಿದ್ದವು. ಇಮಾಮಹುಸೇನರೂ ತಲೆಯಾಡಿಸಿದರು, ಅರ್ಧಕ್ಕೆ ನಿಂತಿದ್ದ ನಿಶ್ಚಯದ ಮಾತು ಹುಡುಗ ಬದಲಾಗಿ ಪೂರ್ತಿಯಾಯಿತು. ಊಟಕ್ಕೆ ಎಲೆ ಹಾಕಿದರು, ಕಾಡಪ್ಪ ಮೊದಲ ಪಂಕ್ತಿಯಲ್ಲೇ ಕುಳಿತ.

ಮುಜಫ್ಫರ ಮಾತ್ರ ಚಾದರವನ್ನು ಮಡಚುತ್ತ, ಮತ್ತೆ ಬಿಚ್ಚಿ ಮಡಚುತ್ತ ಗೋಡೆಯ ಹತ್ತಿರ ನಿಂತಿದ್ದ. ಫಿರದೋಸ್ ಅವನ ಹತ್ತಿರವೇ ಬಂದಳು. ಅವಳು ಅವನೊಂದಿಗೆ ಮಾತಾಡಿದ್ದು ಇದೇ ಮೊದಲು.

"ಭಾಳ ಚಂದ ಮಾಡೀರಿ ಮುಜಫ್ಫರ ಭಾಯಿ" ಅಂದಳು. "ನಮ್ಮ ಲಗ್ನದ ಫೋಟೋನೂ ನೀವೇ ಮಾಡಬೇಕು. ಇದೇ ಸೆಟಿಂಗ್ ಇಡ್ರಿ ಭಾಯಿ, ಬದಲಿ ಮಾಡಬ್ಯಾಡ್ರಿ."

ಮುಜಫ್ಫರ ಎಷ್ಟು ಅಗಲ, ಎಷ್ಟು ಉದ್ದ ಬೇಕೆಂದು ಅಳತೆ ಕೇಳಿದ.